ಡೆನ್ಮಾರ್ಕಿನ ಸಣ್ಣ ಊರಿನ ಹೋಟೆಲ್: ಬುಕಿಂಗ್‌ನಿಂದ ಬೀಗದ ಕೈ ವಾಪಸ್ ಕೊಡುವವರೆಗೆ

ಕೋಪನ್‌ಹೇಗನ್‌ನ ದೊಡ್ಡ ಹೋಟೆಲ್‌ನಲ್ಲಿ ಉಳಿಯುವವರಿಗೆ ಈ ಬರಹ ಬೇಕಿಲ್ಲ. ಅಲ್ಲಿ ರಾತ್ರಿಯಿಡೀ ಕೌಂಟರ್‌ನಲ್ಲಿ ಯಾರಾದರೂ ಇರುತ್ತಾರೆ. ರೀಬೆ, ಎಬೆಲ್ಟೋಫ್ಟ್, ಫೋಬೋರ್ಗ್, ಎರೋಸ್ಕೋಬಿಂಗ್ ಥರದ ಸಣ್ಣ ಊರಿಗೆ ಹೊರಟವರು ಓದಿ.

ಅಲ್ಲಿಗೆ ಹೋದ ನಮ್ಮವರಿಂದ ಬರುವ ದೂರುಗಳು ಮೂರೇ. ‘ಬಾಗಿಲು ಹಾಕಿದೆ, ಬೆಲ್ ಒತ್ತಿದರೂ ಯಾರೂ ಬರ್ತಿಲ್ಲ.’ ‘ಎಂಟೂವರೆಗೇ ಊಟ ಮುಗೀತು ಅಂತಾರೆ.’ ‘ಕಾರ್ಡ್ ಓಡ್ತಿಲ್ಲ.’ ಮೂರನೆಯದರ ಕಾರಣ ಹಂತ 4ರಲ್ಲಿದೆ. ಮೊದಲ ಎರಡಕ್ಕೂ ಕಾರಣ ಒಂದೇ. ಇವು ಬೆರಳೆಣಿಕೆಯ ಜನ ನಡೆಸುವ ಹೋಟೆಲ್‌ಗಳು. ಸಂಜೆಯಾದರೆ ಅವರೂ ಮನೆಗೆ ಹೋಗುತ್ತಾರೆ. ಮೊದಲೇ ಹೇಳಿಟ್ಟರೆ ಏನು ಬೇಕಾದರೂ ಮಾಡಿಕೊಡುತ್ತಾರೆ. ಹೋಗಿ ನಿಂತುಕೊಂಡು ಕೇಳಿದರೆ ಮಾಡುವುದಕ್ಕೆ ಅಲ್ಲಿ ಜನವೇ ಇರುವುದಿಲ್ಲ. ಹಾಗಾಗಿ ಕೆಳಗಿನ ಕೆಲಸಗಳನ್ನು ಹೇಳಿದ ಕ್ರಮದಲ್ಲೇ ಮಾಡಿ.

## ಮೊದಲು ಇವು ಕೈಯಲ್ಲಿರಲಿ

ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಎರಡು ಕಾರ್ಡ್, ಬೇರೆ ಬೇರೆ ಬ್ಯಾಂಕಿನವು. ರೋಮಿಂಗ್ ಇರುವ ಸಿಮ್. ಫೋನ್‌ನಲ್ಲಿ ರೈಸೆಪ್ಲಾನೆನ್ ಎಂಬ ಪ್ರಯಾಣದ ಆ್ಯಪ್ ಮತ್ತು ರೈಲು ಟಿಕೆಟ್‌ಗೆ ಅಲ್ಲಿನ ಸರ್ಕಾರಿ ರೈಲ್ವೆಯಾದ ಡಿಎಸ್‌ಬಿಯ ಆ್ಯಪ್. ಎರಡು ಉರುಟು ಕಡ್ಡಿಯ ಯುರೋಪಿಯನ್ ಪ್ಲಗ್ ಅಡಾಪ್ಟರ್. ವೋಲ್ಟೇಜ್ ನಮ್ಮಷ್ಟೇ, 230. ಆದರೆ ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಸಾಕೆಟ್‌ಗೆ ಹೋಗುವುದಿಲ್ಲ. ಇನ್ನು ಒಂದು ಜೊತೆ ರಬ್ಬರ್ ಚಪ್ಪಲಿ, ಒಂದು ಹಗುರವಾದ ಪ್ಲಾಸ್ಟಿಕ್ ಚೊಂಬು. ಚೊಂಬು ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

## ಹಂತ 1: ದಿನ ನೋಡಿ, ಆಮೇಲೆ ಊರು

ಹೆಚ್ಚಿನವರು ಊರನ್ನು ಮೊದಲು ಆರಿಸಿ ಸಿಕ್ಕಿಬೀಳುತ್ತಾರೆ. ಸಮುದ್ರದ ದಂಡೆಯ ‘ಬಾದೆಹೋಟೆಲ್’ಗಳಲ್ಲಿ ಎಷ್ಟೋ ಹೋಟೆಲ್‌ಗಳು ಚಳಿಗಾಲದಲ್ಲಿ ಬಾಗಿಲು ಹಾಕುತ್ತವೆ. ಇನ್ನು ಜುಲೈನಲ್ಲಿ ಡೆನ್ಮಾರ್ಕಿನವರೇ ರಜೆಯ ಮೇಲಿರುತ್ತಾರೆ, ಸ್ಕಾಗೆನ್ ಥರದ ಊರಲ್ಲಿ ರೂಮ್ ಸಿಗುವುದೇ ಕಷ್ಟ. ಮೇ, ಜೂನ್ ಅಥವಾ ಆಗಸ್ಟ್ ಕೊನೆ ಒಳ್ಳೆಯದು.

ಈಸ್ಟರ್ ವಾರದ ಗುರುವಾರ, ಶುಕ್ರವಾರ, ಭಾನುವಾರ, ಸೋಮವಾರ ದೊಡ್ಡ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಜೂನ್ 5ರ ಸಂವಿಧಾನ ದಿನವೂ ಅಷ್ಟೇ. ಸಣ್ಣ ಊರಿನ ರೆಸ್ಟೋರೆಂಟ್‌ಗಳು ಸೋಮವಾರ ರಜೆ ಮಾಡುವುದೂ ಮಾಮೂಲು. ಭಾನುವಾರ ಬಸ್ಸು ಕಮ್ಮಿ. ಹೋಗಿ ಇಳಿಯುವ ದಿನವನ್ನು ಮಂಗಳವಾರದಿಂದ ಶುಕ್ರವಾರದೊಳಗೆ ಇಟ್ಟುಕೊಂಡರೆ ಅರ್ಧ ತಲೆನೋವು ಕಳೆಯಿತು.

ಹೋಟೆಲ್‌ನವರು ತಾರೀಖಿನ ಬದಲು ‘29ನೇ ವಾರ’ ಎಂದು ಬರೆದರೆ ಗಾಬರಿಯಾಗಬೇಡಿ. ವರ್ಷದ ವಾರಗಳನ್ನು ಅವರು ಹಾಗೇ ಎಣಿಸುತ್ತಾರೆ. ನೀವು ಮಾತ್ರ ತಾರೀಖು, ತಿಂಗಳ ಹೆಸರು ಎರಡನ್ನೂ ಬರೆದೇ ಉತ್ತರಿಸಿ.

## ಹಂತ 2: ಬುಕ್ ಮಾಡುವ ಮುಂಚೆ ರೂಮಿನ ವಿವರ ಪೂರ್ತಿ ಓದಿ

ಫೋಟೋದಲ್ಲಿ ಎಲ್ಲ ರೂಮೂ ಚೆನ್ನಾಗಿಯೇ ಕಾಣುತ್ತದೆ. ನೋಡಬೇಕಾದ್ದು ನಾಲ್ಕು ವಿಷಯ.

ಬಚ್ಚಲು ರೂಮಿನೊಳಗೇ ಇದೆಯೇ, ಹೊರಗಿನ ಕಾರಿಡಾರ್‌ನಲ್ಲಿದೆಯೇ? ಹಳೆಯ ಕಟ್ಟಡಗಳಲ್ಲಿ ಅಗ್ಗದ ರೂಮಿಗೆ ಬಚ್ಚಲು ಹೊರಗಿರುತ್ತದೆ. ಬೇರೆ ರೂಮಿನವರೂ ಅದನ್ನೇ ಬಳಸುತ್ತಾರೆ.

ಲಿಫ್ಟ್ ಇದೆಯೇ? ನೂರಾರು ವರ್ಷದ ಮರದ ಮನೆಗಳಲ್ಲಿ ಲಿಫ್ಟ್ ಇರುವುದಿಲ್ಲ. ಮೆಟ್ಟಿಲು ಕಡಿದು, ತಿರುವು ಇಕ್ಕಟ್ಟು. 23 ಕೆಜಿ ಸೂಟ್‌ಕೇಸ್ ಹೊತ್ತುಕೊಂಡು ಹತ್ತುವುದು ನೀವೇ. ಅಪ್ಪ ಅಮ್ಮ ಜೊತೆಗಿದ್ದರೆ ಇದನ್ನು ಬಿಡಲೇಬೇಡಿ.

ರೂಮ್ ಮುಖ್ಯ ಕಟ್ಟಡದಲ್ಲಿದೆಯೇ, ಅನೆಕ್ಸ್‌ನಲ್ಲಿದೆಯೇ? ಅನೆಕ್ಸ್ ಅಂದರೆ ಅಂಗಳದಾಚೆಯ ಇನ್ನೊಂದು ಮನೆ. ಕೆಲವು ಸಲ ಪಕ್ಕದ ಬೀದಿ. ಅನೆಕ್ಸ್ ಕೆಟ್ಟದ್ದೇನಲ್ಲ, ಆದರೆ ವಿಳಾಸ ಬೇರೆ ಇರುತ್ತದೆ.

ಬೆಲೆಯಲ್ಲಿ ಏನೇನು ಸೇರಿದೆ? ಶೇ 25ರ ಮಾರಾಟ ತೆರಿಗೆ ಬೆಲೆಯೊಳಗೇ ಇರುತ್ತದೆ, ಕೊನೆಗೆ ಯಾರೂ ಸೇರಿಸುವುದಿಲ್ಲ. ತಿಂಡಿ ಸೇರಿದೆಯೇ ಅಂತ ನೋಡಿ. ‘ಕ್ರೋ’ ಎನ್ನುವ ಹಳ್ಳಿ ಹೋಟೆಲ್‌ಗಳಲ್ಲಿ ರಾತ್ರಿ ಊಟವೂ ಸೇರಿದ ಪ್ಯಾಕೇಜ್ ಇರುತ್ತದೆ. ಅಗ್ಗವಾಗಿ ಕಾಣುತ್ತದೆ. ಆದರೆ ಊಟ ಅವರು ಅಂದು ಮಾಡಿದ್ದೇ, ಸಾಮಾನ್ಯವಾಗಿ ಮಾಂಸ ಅಥವಾ ಮೀನು. ಸಸ್ಯಾಹಾರಿಗಳು ಉತ್ತರ ಬರುವ ಮುಂಚೆ ಈ ಪ್ಯಾಕೇಜ್‌ಗೆ ದುಡ್ಡು ಕಟ್ಟಬೇಡಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿರುವಾಗಿನಿಂದ ಕೊಡಬಹುದು, ಕೊನೆಯ 15 ದಿನದೊಳಗೆ ಕೊಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಅರ್ಜಿಯ ಜೊತೆ ರೂಮ್ ಕಾದಿರಿಸಿದ ಪತ್ರ ಕೊಡುವುದರಿಂದ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ದರದಲ್ಲೇ ಬುಕ್ ಮಾಡಿ. ಆ ಪತ್ರದಲ್ಲಿ ಎಲ್ಲರ ಹೆಸರೂ ಇರಲಿ. ಬುಕ್ ಮಾಡಿದವರದು ಮಾತ್ರ ಇದ್ದರೆ ಸಾಲದು.

ಹೆಸರಿನ ವಿಷಯದಲ್ಲಿ ನಮ್ಮವರು ತಪ್ಪು ಮಾಡುವುದು ಜಾಸ್ತಿ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇರುವುದಿಲ್ಲ, ಇರುವುದು ಇನಿಷಿಯಲ್. ಬುಕಿಂಗ್ ಸೈಟ್ ಎರಡನೇ ಹೆಸರು ಕೇಳಿದಾಗ ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ, ಇನ್ನೊಬ್ಬರು ಊರಿನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿ. ಸೈಟ್‌ನಲ್ಲಿ ಎರಡನೇ ಹೆಸರಿನ ಜಾಗಕ್ಕೆ ಏನು ತುಂಬಿದಿರಿ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಹಂತ 6ರಲ್ಲಿ ಅದು ಬೇಕಾಗುತ್ತದೆ.

## ಹಂತ 3: ಹೋಟೆಲ್‌ಗೆ ಒಂದು ಮೇಲ್ ಹಾಕಿ

ಇಡೀ ಪ್ರಯಾಣದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇಲ್ಲ. ಬುಕಿಂಗ್ ಸೈಟ್‌ನ ‘ವಿಶೇಷ ಬೇಡಿಕೆ’ ಡಬ್ಬಿಯಲ್ಲಿ ಬರೆದು ಸುಮ್ನೆ ಕೂರಬೇಡಿ. ಅದನ್ನು ಅಡುಗೆಯವರು ನೋಡಿದ್ದಾರೆ ಅನ್ನುವ ಖಾತ್ರಿ ಇಲ್ಲ. ಹೋಟೆಲ್‌ನ ಸ್ವಂತ ವಿಳಾಸಕ್ಕೆ, ಹೋಗುವ ವಾರದ ಹಿಂದಿನ ವಾರ ಬರೆಯಿರಿ. ಇಂಗ್ಲಿಷ್ ಸಾಕು. ಉದ್ದ ಬೇಡ, ‘ಗೌರವಾನ್ವಿತ ಮಹನೀಯರೇ’ ಬೇಡ. ಸಾರಾಂಶ ಹೀಗಿರಲಿ:

‘ಜೂನ್ 9ರಿಂದ 11ರವರೆಗೆ ಎರಡು ರಾತ್ರಿ, ಇಬ್ಬರು ದೊಡ್ಡವರು, 9 ವರ್ಷದ ಮಗು. ನಮ್ಮ ರೈಲು 19.40ಕ್ಕೆ ಬರುತ್ತದೆ. ಆಗ ಕೌಂಟರ್‌ನಲ್ಲಿ ಯಾರಾದರೂ ಇರುತ್ತಾರಾ? ಇಲ್ಲದಿದ್ದರೆ ಬೀಗದ ಕೈ ಎಲ್ಲಿ ಸಿಗುತ್ತದೆ? ಕೋಡ್ ಇದ್ದರೆ ಇದೇ ಮೇಲ್‌ಗೆ ಕಳಿಸಿ. ಆ ರಾತ್ರಿ ಅಡುಗೆಮನೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ನಾವು ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ. ಮೂಳೆ ಬೇಯಿಸಿದ ನೀರಿನ ಸೂಪ್ ಕೂಡ ಬೇಡ. ಹಾಲು, ಬೆಣ್ಣೆ, ಚೀಸ್ ಆಗುತ್ತದೆ. ಒಬ್ಬರಿಗೆ ಮಂಡಿನೋವು, ಕೆಳಗಿನ ಮಹಡಿಯ ರೂಮ್ ಸಿಗಬಹುದಾ?’

ಬರೀ ಸಸ್ಯಾಹಾರಿ ಎಂದು ಹೇಳಿ ಬಿಟ್ಟರೆ ತಟ್ಟೆಯಲ್ಲಿ ಮೀನು ಬಂದು ಕೂರುವ ಸಾಧ್ಯತೆ ಇದ್ದೇ ಇದೆ. ಏನು ತಿನ್ನುವುದಿಲ್ಲ ಅನ್ನುವುದನ್ನು ಒಂದೊಂದಾಗಿ ಬರೆಯಿರಿ. ಮೊಟ್ಟೆ ಆಗುತ್ತದೋ ಇಲ್ಲವೋ ಅದನ್ನೂ ಸೇರಿಸಿ. ಏನು ತಿನ್ನುತ್ತೀರಿ ಅನ್ನುವುದು ಇನ್ನೂ ಮುಖ್ಯ, ಅಡುಗೆಯವರಿಗೆ ಯೋಚಿಸಲು ಏನಾದರೂ ಸಿಗಬೇಕಲ್ಲ. ಸಮಯ ಬರೆಯುವಾಗ 24 ಗಂಟೆಯ ಲೆಕ್ಕದಲ್ಲೇ ಬರೆಯಿರಿ.

ಒಂದು ಎಚ್ಚರಿಕೆ: ಮೂರು ದಿನವಾದರೂ ಉತ್ತರ ಬರದಿದ್ದರೆ ಫೋನ್ ಮಾಡಿ. ಅಲ್ಲಿಯ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ಮಾಡಿದರೆ ಯಾರಾದರೂ ಎತ್ತುತ್ತಾರೆ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ.

## ಹಂತ 4: ಕಾರ್ಡ್ ಸರಿಮಾಡಿಕೊಳ್ಳಿ, ಮನೆಯಲ್ಲಿದ್ದಾಗಲೇ

ಡೆನ್ಮಾರ್ಕ್ ಐರೋಪ್ಯ ಒಕ್ಕೂಟದಲ್ಲಿದೆ, ಆದರೆ ಅಲ್ಲಿ ಓಡುವುದು ಕ್ರೋನ. ಒಂದು ಯೂರೋಗೆ ಸುಮಾರು 7.46 ಕ್ರೋನ. ಯೂರೋ ನೋಟು ತೆಗೆದುಕೊಂಡು ಹೋಗಿ ಏನೂ ಉಪಯೋಗವಿಲ್ಲ. ಅಲ್ಲಿಯವರು ಫೋನ್‌ನಲ್ಲಿ ಮೊಬೈಲ್‌ಪೇ ಬಳಸುವುದು ನೋಡಿ ನೀವೂ ಹಾಕಿಕೊಳ್ಳಲು ಹೋಗಬೇಡಿ, ಅದು ಅಲ್ಲಿ ನೆಲೆಸಿದವರಿಗೆ.

ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ನಮ್ಮ ಹೊಸ ಕಾರ್ಡ್‌ಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ವಿದೇಶಿ ಬಳಕೆಯನ್ನು ನೀವೇ ಆನ್ ಮಾಡಬೇಕು. ಅಂಗಡಿ ಮೆಷಿನ್, ಆನ್‌ಲೈನ್, ತಾಗಿಸಿ ಪಾವತಿ, ಎಟಿಎಂ: ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ. ‘ಕಾರ್ಡ್ ಓಡ್ತಿಲ್ಲ’ ಅನ್ನುವವರಲ್ಲಿ ಹೆಚ್ಚಿನವರು ಆನ್‌ಲೈನ್ ಒಂದನ್ನು ಆನ್ ಮಾಡಿ ಮೆಷಿನ್‌ನದ್ದನ್ನು ಮರೆತಿರುತ್ತಾರೆ. ಪಿನ್ ನೆನಪಿರಲಿ. ಒಟಿಪಿ ಬರುವ ಸಿಮ್ ಫೋನ್‌ನಲ್ಲೇ ಇರಲಿ.

ಮೆಷಿನ್ ‘ರೂಪಾಯಿಯೋ ಕ್ರೋನವೋ’ ಎಂದು ಕೇಳಿದರೆ ಕ್ರೋನ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ ದರಕ್ಕೆ ನೀವು ಒಪ್ಪಿದಂತೆ. ಹೊರದೇಶದ ಕಾರ್ಡ್‌ಗೆ ಸ್ವಲ್ಪ ಹೆಚ್ಚು ಹಿಡಿಯುವ ಕಡೆಗಳೂ ಇವೆ. ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ.

## ಹಂತ 5: ಊರು ತಲುಪುವ ದಾರಿ ಮತ್ತು ಕೊನೆಯ ಬಸ್ಸು

ರೀಬೆಯನ್ನೇ ತೆಗೆದುಕೊಳ್ಳಿ. ಕೋಪನ್‌ಹೇಗನ್‌ನಿಂದ ಎಸ್ಬ್ಯೆರ್ಗ್ ಕಡೆಯ ರೈಲು, ಬ್ರಾಮಿಂಗ್‌ನಲ್ಲಿ ಇಳಿದು ಸಣ್ಣ ರೈಲು. ಒಟ್ಟು ಮೂರು, ಮೂರೂವರೆ ಗಂಟೆ. ವಿಮಾನ ನಿಲ್ದಾಣದಲ್ಲೇ ರೈಲು ನಿಲ್ದಾಣ ಇದೆ, ಟ್ಯಾಕ್ಸಿ ಬೇಡ.

ಡಿಎಸ್‌ಬಿಯ ‘ಆರೆಂಜ್’ ಟಿಕೆಟ್ ಅಗ್ಗ, ಆದರೆ ಬುಕ್ ಮಾಡಿದ ರೈಲಿಗೆ ಮಾತ್ರ. ವಿಮಾನ ಇಳಿದ ದಿನಕ್ಕೆ ಅದನ್ನು ಕೊಳ್ಳಬೇಡಿ. ವಿಮಾನ ತಡವಾದರೆ ಟಿಕೆಟ್ ಹೋಯಿತು. ದೊಡ್ಡವರೊಬ್ಬರ ಜೊತೆ 12 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ರೈಲಿನಲ್ಲಿ ದುಡ್ಡಿಲ್ಲ.

ಕೆಲವು ರೈಲುಗಳು ದಾರಿಯಲ್ಲಿ ಎರಡಾಗುತ್ತವೆ. ಮುಂದಿನ ಡಬ್ಬಿಗಳು ಒಂದು ಊರಿಗೆ, ಹಿಂದಿನವು ಇನ್ನೊಂದಕ್ಕೆ. ಹತ್ತಿದ ಮೇಲೆ ಡಬ್ಬಿಯೊಳಗಿನ ಪರದೆ ನೋಡಿ. ನಿಮ್ಮ ಊರಿನ ಹೆಸರು ಅಲ್ಲಿಲ್ಲದಿದ್ದರೆ, ರೈಲು ಎರಡಾಗುವ ಫ್ರೆಡೆರಿಸಿಯಾ ನಿಲ್ದಾಣ ಬರುವ ಮುಂಚೆಯೇ ಡಬ್ಬಿ ಬದಲಿಸಿ. ‘ಸ್ಟಿಲೆ’ ಎಂದು ಬರೆದ ಡಬ್ಬಿಯಲ್ಲಿ ಮಾತು, ಫೋನ್ ಎರಡೂ ಬೇಡ. ನಮ್ಮ ಕುಟುಂಬದವರು ಅಲ್ಲಿ ಮೂರು ಗಂಟೆ ಕೂರುವುದು ಆಗದ ಮಾತು, ಬೇರೆ ಡಬ್ಬಿ ನೋಡಿ.

ದ್ವೀಪದ ಊರಾದರೆ ಕೊನೆಯ ದೋಣಿಯ ಸಮಯ ಮೊದಲು ನೋಡಿ, ವಿಮಾನ ಆಮೇಲೆ. ಸ್ವೆಂಡ್‌ಬೋರ್ಗ್‌ನಿಂದ ಎರೋಸ್ಕೋಬಿಂಗ್‌ಗೆ ಫೆರಿ ಸುಮಾರು 75 ನಿಮಿಷ. ಅದು ತಪ್ಪಿದರೆ ಆ ರಾತ್ರಿ ಸ್ವೆಂಡ್‌ಬೋರ್ಗ್‌ನಲ್ಲೇ. ಸಣ್ಣ ಊರಿನ ನಿಲ್ದಾಣದ ಎದುರು ಆಟೋ, ಟ್ಯಾಕ್ಸಿ ಸಾಲುಗಟ್ಟಿ ನಿಂತಿರುವುದಿಲ್ಲ. ಬೇಕಿದ್ದರೆ ಹೋಟೆಲ್‌ನವರಿಗೆ ಹೇಳಿ ಹಿಂದಿನ ದಿನವೇ ಗೊತ್ತುಮಾಡಿ.

## ಹಂತ 6: ಹಾಕಿದ ಬಾಗಿಲ ಮುಂದೆ

ರೂಮ್ ಸಾಮಾನ್ಯವಾಗಿ ಮಧ್ಯಾಹ್ನ 3ರ ಮೇಲೆ ಸಿಗುತ್ತದೆ. ಬೇಗ ಬಂದರೆ ಸಾಮಾನು ಇಟ್ಟು ಊರು ಸುತ್ತಿ. ತಡವಾಗಿ ಬಂದವರಿಗೆ ಈ ಕ್ರಮ:

ಬಾಗಿಲಿಗೆ ಅಂಟಿಸಿದ ಚೀಟಿ ಓದಿ. ಡೇನಿಶ್‌ನಲ್ಲಿದ್ದರೆ ಫೋನ್ ಕ್ಯಾಮೆರಾ ಹಿಡಿದು ಅನುವಾದಿಸಿಕೊಳ್ಳಿ. ರೆಸ್ಟೋರೆಂಟಿನ ಬಾಗಿಲು ಒಂದು, ರೂಮುಗಳ ಬಾಗಿಲು ಇನ್ನೊಂದು. ಎರಡನೆಯದು ಹೆಚ್ಚಾಗಿ ಹಿಂದಿನ ಅಂಗಳದಲ್ಲಿರುತ್ತದೆ. ಬೀದಿಯಿಂದ ಒಳಗೆ ಹೋಗುವ ಕಮಾನು ದಾರಿ ಹುಡುಕಿ.

ಅಲ್ಲಿ ಗೋಡೆಗೆ ಮೊಳೆ ಹೊಡೆದು ಕೂರಿಸಿದ, ಅಂಗೈ ಅಗಲದ ಕಬ್ಬಿಣದ ಪೆಟ್ಟಿಗೆ ಕಾಣುತ್ತದೆ. ಮೇಲೆ ರಬ್ಬರ್ ಮುಚ್ಚಳ. ಅದನ್ನು ಎತ್ತಿದರೆ ಕೆಳಗೆ ಅಂಕಿಗಳು. ಕೋಡ್ ಹಾಕಿ, ಪಕ್ಕದ ಸಣ್ಣ ಕೊಂಡಿಯನ್ನು ಕೆಳಗೆ ಎಳೆಯಿರಿ. ಕೋಡ್ ಹಾಕುವುದನ್ನೇ ಮಾಡಿ ಕೊಂಡಿ ಎಳೆಯದೆ ಹತ್ತು ಸಲ ಪ್ರಯತ್ನಿಸುವವರಿದ್ದಾರೆ. ತೆರೆದರೆ ಒಳಗೆ ಲಕೋಟೆಗಳು, ಒಂದೊಂದರ ಮೇಲೆ ಒಂದೊಂದು ಹೆಸರು. ನಿಮ್ಮ ಹೆಸರಿನ ಲಕೋಟೆ ಇಲ್ಲವೇ? ಎರಡನೇ ಹೆಸರಿನ ಜಾಗದಲ್ಲಿ ನೀವು ತುಂಬಿದ್ದನ್ನು ಹುಡುಕಿ. ಅಪ್ಪನ ಹೆಸರೋ ಊರಿನ ಹೆಸರೋ ಅಲ್ಲಿರುತ್ತದೆ. ಪೆಟ್ಟಿಗೆ ಇಲ್ಲದೆ ಬರೀ ಅಂಕಿಗಳ ಬೀಗ ಇದ್ದರೆ, ಕೋಡ್ ಹಾಕಿದ ಮೇಲೆ # ಗುರುತು ಒತ್ತಿ, ಹಸಿರು ದೀಪ ಬಂದ ಕೂಡಲೇ ತಳ್ಳಿ.

ಇದಕ್ಕೆ ಮುಂಚೆ ಮಾಡಿಟ್ಟಿರಬೇಕಾದ್ದು: ಕೋಡ್ ಇರುವ ಮೇಲ್‌ನ ಸ್ಕ್ರೀನ್‌ಶಾಟ್, ಮತ್ತು +45ರ ನಂತರ ಎಂಟು ಅಂಕಿ ಇರುವ ಹೋಟೆಲ್‌ನ ತುರ್ತು ನಂಬರ್. ಬಾಗಿಲ ಮುಂದೆ ವೈಫೈ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು, ಫೋನ್ ಚಾರ್ಜ್ ಉಳಿಸಿಕೊಂಡಿರಿ. ಕೋಡ್ ಬರುವುದು ಬಂದಿಳಿಯುವ ದಿನವೇ. ಮಧ್ಯಾಹ್ನದೊಳಗೆ ಬರದಿದ್ದರೆ ರೈಲಿನಲ್ಲಿ ಕೂತೇ ಫೋನ್ ಮಾಡಿ. ಕೌಂಟರ್ ಮುಚ್ಚುವ ಮುಂಚೆ ಗೊತ್ತಾದರೆ ದಾರಿಯಿದೆ.

ಬೇರೆ ರೂಮಿನವರ ಬಾಗಿಲು ಬಡಿಯಬೇಡಿ. ಪಾಸ್‌ಪೋರ್ಟ್ ಮರುದಿನ ಬೆಳಿಗ್ಗೆ ಕೌಂಟರ್‌ನಲ್ಲಿ ತೋರಿಸಿದರಾಯಿತು.

## ಹಂತ 7: ರೂಮಿನೊಳಗೆ

ಡಬಲ್ ರೂಮ್ ಅಂದರೆ ಎರಡು ಒಂಟಿ ಹಾಸಿಗೆ ಜೋಡಿಸಿರುತ್ತಾರೆ. ಹೊದಿಕೆಯೂ ಒಬ್ಬೊಬ್ಬರಿಗೆ ಒಂದೊಂದು. ನಡುವಿನ ಸಂದಿಯಲ್ಲಿ ಮಗುವನ್ನು ಮಲಗಿಸುವ ಯೋಜನೆ ಬೇಡ. ಹೆಚ್ಚುವರಿ ಹಾಸಿಗೆಯನ್ನು ಮೇಲ್‌ನಲ್ಲೇ ಕೇಳಿ.

ಬಚ್ಚಲಲ್ಲಿ ಬಕೆಟ್ ಇಲ್ಲ, ಕಮೋಡಿನ ಪಕ್ಕ ಪಿಚಕಾರಿ ಇಲ್ಲ. ಚೊಂಬು ಇರುವುದು ಅದಕ್ಕೇ. ಹಳೆಯ ಹೋಟೆಲ್‌ಗಳಲ್ಲಿ ಸ್ನಾನದ ಜಾಗಕ್ಕೆ ಅಡ್ಡಗೋಡೆ ಇರುವುದಿಲ್ಲ, ಇಡೀ ನೆಲ ಒದ್ದೆಯಾಗುತ್ತದೆ. ಮೂಲೆಯಲ್ಲಿ ಉದ್ದ ಕೋಲಿನ ರಬ್ಬರ್ ವೈಪರ್ ಇಟ್ಟಿರುತ್ತಾರೆ. ಸ್ನಾನವಾದ ಮೇಲೆ ನೀರನ್ನು ನೀವೇ ತೂತಿನ ಕಡೆ ಎಳೆದು ಬಿಡಬೇಕು. ಹಾಗೇ ಬಿಟ್ಟರೆ ನೀರು ರೂಮಿನ ಮರದ ನೆಲಕ್ಕೆ ಬರುತ್ತದೆ.

ಹೀಟರ್‌ನ ತಿರುಗಣೆಯ ಮೇಲೆ 1ರಿಂದ 5 ಅಂಕಿ ಇರುತ್ತವೆ. 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬೆಚ್ಚಗಾಗುವುದಿಲ್ಲ, ಮಧ್ಯರಾತ್ರಿ ಬೆವರುತ್ತೀರಿ ಅಷ್ಟೇ. ಬೇಸಿಗೆಗೆ ಏಸಿ, ಫ್ಯಾನ್ ಎರಡೂ ಇರುವುದಿಲ್ಲ, ಕಿಟಕಿ ತೆರೆಯಿರಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಹುಟ್ಟುವುದು ನಾಲ್ಕೂವರೆಗೆ. ಕಣ್ಣಿಗೆ ಕಟ್ಟುವ ಪಟ್ಟಿ ಒಯ್ಯಿರಿ. ನಲ್ಲಿ ನೀರು ಕುಡಿಯಬಹುದು.

ರೂಮಿನಲ್ಲಿ ಅಡುಗೆ ಮಾತ್ರ ಬೇಡವೇ ಬೇಡ. ಇಂಡಕ್ಷನ್ ಒಲೆ, ಒಗ್ಗರಣೆ ಸೌಟು ಒಯ್ಯುವವರನ್ನು ನಾನು ಕಂಡಿದ್ದೇನೆ. ಸಾಸಿವೆ ಸಿಡಿದರೆ ಹೊಗೆಯ ಅಲಾರಂ ಕೂಗುತ್ತದೆ. ಅಗ್ನಿಶಾಮಕ ದಳ ಸುಮ್ಮನೆ ಬಂದುಹೋದದ್ದಕ್ಕೆ ಸಾವಿರಾರು ಕ್ರೋನದ ಬಿಲ್ ಬರುತ್ತದೆ. ಅದು ಯಾರ ಲೆಕ್ಕಕ್ಕೆ ಹೋಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

## ಹಂತ 8: ಹೊಟ್ಟೆಪಾಡು

ಸೂಟ್‌ಕೇಸಿನಲ್ಲಿ ಏನು ತರಬಹುದು ಅನ್ನುವುದರಿಂದ ಶುರುಮಾಡೋಣ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಪನೀರ್ ಮನೆಯಲ್ಲೇ ಬಿಡಿ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಪ್ರಮಾಣಪತ್ರವಿಲ್ಲದೆ ಆಗುವುದಿಲ್ಲ. ತೆಳು ಅವಲಕ್ಕಿ, ಚಟ್ನಿಪುಡಿ, ಎಣ್ಣೆಯಲ್ಲಿ ಮಾಡಿಟ್ಟ ಒಗ್ಗರಣೆಯ ಸಣ್ಣ ಡಬ್ಬಿ ಸಾಕು. ಅಲ್ಲಿಯ ಅಂಗಡಿಯಲ್ಲಿ ‘ಸ್ಕೂರ್’ ಎಂಬ ಗಟ್ಟಿ ಮೊಸರಿನಂಥದ್ದು ಸಿಗುತ್ತದೆ, ಸಿಹಿ ಹಾಕದ್ದನ್ನು ನೋಡಿ ಕೊಳ್ಳಿ. ನೆನೆಸಿದ ಅವಲಕ್ಕಿಗೆ ಕಲಸಿ, ಒಗ್ಗರಣೆ ಹಾಕಿದರೆ ಒಲೆಯಿಲ್ಲದೆ ಮೊಸರವಲಕ್ಕಿ.

ಬೆಳಗಿನ ತಿಂಡಿಯ ಹೊತ್ತು ಸಾಮಾನ್ಯವಾಗಿ 7ರಿಂದ 10. ಕಪ್ಪಗಿನ ರೈ ಬ್ರೆಡ್, ಬಿಳಿ ಬನ್, ಬೆಣ್ಣೆ, ಚೀಸ್, ಜಾಮ್, ಓಟ್ಸ್ ಗಂಜಿ ಸಸ್ಯಾಹಾರಿಗಳಿಗೆ ಆಗುತ್ತವೆ. ಬ್ರೆಡ್ ಮೇಲೆ ಇಟ್ಟು ತಿನ್ನುವ ತೆಳು ಚಾಕೊಲೇಟ್ ಹಾಳೆ ಮಕ್ಕಳಿಗೆ ಇಷ್ಟವಾಗುತ್ತದೆ. ಹುಷಾರಾಗಿರಬೇಕಾದ್ದು ಫಾಯಿಲ್ ತಟ್ಟೆಯಲ್ಲಿ ಬೇಯಿಸಿಟ್ಟ, ಮೇಲೆ ಕಂದು ಬಣ್ಣಕ್ಕೆ ತಿರುಗಿದ ಒಂದು ಪದಾರ್ಥದ ಬಗ್ಗೆ. ನೋಡಲು ರವೆ ಕೇಕಿನಂತಿರುತ್ತದೆ. ಅದು ಲೆವರ್‌ಪೋಸ್ಟೈ, ಹಂದಿಯ ಲಿವರ್. ಪಕ್ಕದಲ್ಲಿ ಅಣಬೆ ಇಟ್ಟಿರುವುದರಿಂದ ಎಷ್ಟೋ ಜನ ಮೋಸ ಹೋಗುತ್ತಾರೆ.

ಬಫೆಯಿಂದ ಮಧ್ಯಾಹ್ನಕ್ಕೆ ಕಟ್ಟಿಕೊಂಡು ಹೋಗುವುದು ಅಲ್ಲಿ ಚೆನ್ನಾಗಿ ಕಾಣುವುದಿಲ್ಲ. ಕೇಳಿದರೆ ದುಡ್ಡಿಗೆ ಬುತ್ತಿ ಕಟ್ಟಿಕೊಡುವ ಹೋಟೆಲ್‌ಗಳಿವೆ.

ರಾತ್ರಿ ಊಟಕ್ಕೆ ಅಲ್ಲಿಯವರು ಆರು, ಆರೂವರೆಗೇ ಕೂರುತ್ತಾರೆ. ಎಂಟು, ಎಂಟೂವರೆಗೆ ಅಡುಗೆಮನೆ ಆರ್ಡರ್ ನಿಲ್ಲಿಸುತ್ತದೆ. ಏಳಕ್ಕೆ ಟೇಬಲ್ ಕಾದಿರಿಸಿ, ನೀವು ಉಳಿದಿರುವ ಹೋಟೆಲ್ ಆದರೂ ಸರಿ. ನಲ್ಲಿ ನೀರಿಗೂ ದುಡ್ಡು ಹಾಕಿದರೆ ಆಶ್ಚರ್ಯಪಡಬೇಡಿ. ಊಟ ತಪ್ಪಿಹೋದರೆ ಊರಲ್ಲಿ ಒಂದಾದರೂ ಪಿಜ್ಜಾ-ಕಬಾಬ್ ಅಂಗಡಿ ಇರುತ್ತದೆ, ಅದು ಹೋಟೆಲ್‌ಗಿಂತ ತಡವಾಗಿ ಮುಚ್ಚುತ್ತದೆ. ಮಾರ್ಗರೀಟಾ ಪಿಜ್ಜಾ ಅಥವಾ ಫಲಾಫೆಲ್ ರೋಲ್ ಕೇಳಿ. ಅಲ್ಲಿ ‘ಸಲಾಡ್ ಪಿಜ್ಜಾ’ ಅಂದರೆ ಸೊಪ್ಪಿನ ಜೊತೆ ಕಬಾಬ್ ಮಾಂಸ ಇರಬಹುದು, ಹೆಸರು ನೋಡಿ ನಂಬಬೇಡಿ. ನೆಟ್ಟೊ, ರೇಮಾ 1000 ಅಂಗಡಿಗಳು ರಾತ್ರಿ ಎಂಟು, ಒಂಬತ್ತರವರೆಗಾದರೂ ಇರುತ್ತವೆ.

## ಹಂತ 9: ಹೊರಡುವ ಬೆಳಿಗ್ಗೆ

ರೂಮ್ ಬಿಡುವ ಹೊತ್ತು 10 ಅಥವಾ 11. ಹತ್ತು ಅಂದರೆ ಹತ್ತೇ. ಮುಂದಿನ ಅತಿಥಿಗೆ ಹಾಸಿಗೆ ಹಾಕಬೇಕಾದವರು, ತಿಂಡಿ ಬಡಿಸಿದವರು ಒಬ್ಬರೇ ಇರಬಹುದು. ತುಂಬ ಬೇಗ ಹೊರಡುವುದಾದರೆ ಹಿಂದಿನ ಸಂಜೆಯೇ ಬಿಲ್ ಕಟ್ಟಿ. ಬೆಳಿಗ್ಗೆ ಆರಕ್ಕೆ ಕೌಂಟರ್‌ನಲ್ಲಿ ಯಾರೂ ಇರುವುದಿಲ್ಲ. ಬಿಲ್‌ನಲ್ಲಿ ತಿಂಡಿಯನ್ನು ಎರಡು ಸಲ ಸೇರಿಸಿಲ್ಲ ತಾನೇ ಅಂತ ನೋಡಿ.

ಖಾಲಿ ಬಾಟಲಿ, ಡಬ್ಬಿಗಳನ್ನು ಕಸಕ್ಕೆ ಹಾಕಬೇಡಿ. ಅದರ ಮೇಲೆ ‘ಪಾಂಟ್’ (ಬಾಟಲಿಯ ಠೇವಣಿ) ಗುರುತಿನ ಪಕ್ಕ ಎ, ಬಿ, ಸಿ ಅಕ್ಷರ ಇರುತ್ತದೆ. ‘ಎ’ಗೆ 1 ಕ್ರೋನ, ‘ಬಿ’ಗೆ ಒಂದೂವರೆ, ‘ಸಿ’ಗೆ 3. ಸೂಪರ್‌ಮಾರ್ಕೆಟ್‌ನ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಅಲ್ಲೇ ಬಿಲ್ ಕೌಂಟರ್‌ನಲ್ಲಿ ಕೊಡಿ.

ಬೀಗದ ಕೈಯನ್ನು ಕೌಂಟರ್ ಮೇಲೆ ಬಿಟ್ಟುಹೋಗಬೇಕೋ, ಬಂದ ಪೆಟ್ಟಿಗೆಯಲ್ಲೇ ಹಾಕಬೇಕೋ ಅಂತ ಲಕೋಟೆಯ ಹಿಂದೆ ಬರೆದಿರುತ್ತದೆ. ಪೆಟ್ಟಿಗೆಯಾದರೆ ಹಾಕಿದ ಮೇಲೆ ಅಂಕಿಗಳನ್ನು ಕಲಸಿಬಿಡಿ. ಬಾಗಿಲು ಎಳೆದುಕೊಂಡ ಮೇಲೆ ನೀವು ಮತ್ತೆ ಒಳಗೆ ಹೋಗುವಂತಿಲ್ಲ. ಚಾರ್ಜರ್, ಪಾಸ್‌ಪೋರ್ಟ್, ಬಚ್ಚಲಿನ ಚೊಂಬು ಬ್ಯಾಗಿನಲ್ಲಿವೆಯೇ ಅಂತ ನೋಡಿಕೊಂಡು ಆಮೇಲೆ ಎಳೆಯಿರಿ.